ಗುಡ್ಡೆಯ ಲೆಕ್ಕ: ಐದು ತಾಲ್ಲೂಕುಗಳ ವಾರದ ಸಂತೆ ಮತ್ತು ಮನೆಯ ಉಳಿತಾಯ

ವಾರದ ಸಂತೆಯೆಂದರೆ ಒಂದು ಮನೆಗೆ ಏಳು ದಿನ ಬೇಕಾಗುವ ಕಾಯಿಪಲ್ಲೆ, ಕಾಳುಕಡಿ, ಖಾರ, ಹುಳಿಯನ್ನು ಒಂದೇ ಹೊತ್ತಿನಲ್ಲಿ, ಕೈಯಲ್ಲಿದ್ದಷ್ಟು ರೊಕ್ಕದಲ್ಲಿ ಕೊಂಡು ಮುಗಿಸುವ ಏರ್ಪಾಡು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಳ್ಳಿಮನೆಗಳಲ್ಲಿ ಊಟದ ಖರ್ಚು ಇಂದಿಗೂ ಸಂತೆಯ ದಿನದ ಸುತ್ತಲೇ ತಿರುಗುತ್ತದೆ. ಈ ಸೀಮೆ 1953ರ ಅಕ್ಟೋಬರ್‌ವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಿಂದ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಸೇರಿವೆ. ಜಿಲ್ಲೆಯ ಹೆಸರು ಬದಲಾದಂತೆ ಸಂತೆಗೆ ಹೋಗುವ ಕ್ರಮ ಬದಲಾಗಲಿಲ್ಲ.

ಬದಲಾದದ್ದು ಚೀಲದೊಳಗಿನ ಪಟ್ಟಿ. ಜೋಳ, ನವಣೆ, ಸಜ್ಜೆ, ಹೆಸರು, ಅಲಸಂದೆ ಬೆಳೆಯುತ್ತಿದ್ದ ಮಳೆಯಾಶ್ರಿತ ಹೊಲಗಳನ್ನು ಮೆಕ್ಕೆಜೋಳ ಆಕ್ರಮಿಸಿದ ಮೇಲೆ, ಹೊಲದಿಂದ ನೇರ ಅಡುಗೆಮನೆಗೆ ಬರುತ್ತಿದ್ದ ಪದಾರ್ಥಗಳೂ ಕೊಳ್ಳುವ ಪದಾರ್ಥಗಳಾದವು. ಮೆಕ್ಕೆಜೋಳ ಮನೆಯವರು ಉಣ್ಣುವ ಧಾನ್ಯವಲ್ಲ. ಅದನ್ನು ಮಾರಿ ಬಂದ ರೊಕ್ಕದಲ್ಲಿ ರೊಟ್ಟಿಯ ಜೋಳವನ್ನೂ ಕೊಳ್ಳಬೇಕು. ಹೀಗಾಗಿ ಸಂತೆಯ ದಿನ ದುಡ್ಡು ಹೇಗೆ ಉಳಿಯುತ್ತದೆ ಎಂಬ ಪ್ರಶ್ನೆ ಕೂಲಿಯ ಮನೆಗೆ ಎಷ್ಟು ಮುಖ್ಯವೋ ಹೊಲವಿರುವ ಮನೆಗೂ ಅಷ್ಟೇ ಮುಖ್ಯವಾಗಿದೆ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಚೌಕಾಶಿ. ಚೌಕಾಶಿ ಮಾಡಬಲ್ಲವಳು ಜಾಣೆ, ಹೇಳಿದ ದರಕ್ಕೆ ಕೊಟ್ಟು ಬರುವವನು ದಡ್ಡ ಎಂಬ ತೀರ್ಮಾನ ಊರೂರಲ್ಲಿದೆ. ಸಂತೆಯ ಬಗ್ಗೆ ಬರೆಯುವವರೂ ಅದನ್ನೇ ಹಿಡಿದಿದ್ದಾರೆ. ಈ ಹೆಸರು ಚೌಕಾಶಿಯ ಯೋಗ್ಯತೆಗೆ ಮೀರಿದ್ದು. ಸಂತೆಯಲ್ಲಿ ಮನೆಯ ದುಡ್ಡನ್ನು ನಿಜವಾಗಿ ಉಳಿಸುವ ಕ್ರಮ ಬೇರೊಂದಿದೆ. ಅದು ಗುಡ್ಡೆ ವ್ಯಾಪಾರ: ತಕ್ಕಡಿಯಿಲ್ಲದೆ, ಗೋಣಿತಾಟಿನ ಮೇಲೆ ಸಾಲಾಗಿ ಒಟ್ಟಿದ ಟೊಮೆಟೊ, ಬದನೆ, ಹೀರೆ, ಹಸಿಮೆಣಸಿನಕಾಯಿಯನ್ನು ಗುಡ್ಡೆಗೆ ಇಷ್ಟೆಂದು ಮಾರುವ ಪದ್ಧತಿ. ಅದರ ಬಗ್ಗೆ ಗಂಭೀರವಾಗಿ ಬರೆದವರು ಕಡಿಮೆ.

ಚೌಕಾಶಿಯ ವಿಷಯ ಬೇಗ ಮುಗಿಯುತ್ತದೆ. ಮೂವತ್ತಕ್ಕೆ ಕೊಡಲು ಸಿದ್ಧನಿರುವ ವ್ಯಾಪಾರಿ ನಲವತ್ತು ಹೇಳುತ್ತಾನೆ. ಗಿರಾಕಿ ಇಪ್ಪತ್ತೈದು ಕೇಳಿ ಮೂವತ್ತಕ್ಕೆ ಒಪ್ಪುತ್ತಾಳೆ. ಹತ್ತು ರೂಪಾಯಿ ಉಳಿಯಿತೆಂದು ಮನೆಯಲ್ಲಿ ಹೇಳಿದರೂ ಆ ಹತ್ತು ರೂಪಾಯಿ ಬೇಡಿಕೆಯ ಮಾತಾಗಿತ್ತೇ ಹೊರತು ಯಾವ ಹೊತ್ತಿಗೂ ಬೆಲೆಯಾಗಿರಲಿಲ್ಲ. ಚೌಕಾಶಿ ಗಿರಾಕಿಯನ್ನು ಮೋಸದಿಂದ ಕಾಯುತ್ತದೆ, ಆ ಮಟ್ಟಿಗೆ ಅದು ಬೇಕು. ಆದರೆ ಎಲ್ಲರೂ ಮಾಡುವ ಚೌಕಾಶಿ ಎಲ್ಲರನ್ನೂ ಒಂದೇ ದರಕ್ಕೆ ತಂದು ನಿಲ್ಲಿಸುತ್ತದೆ, ಅಲ್ಲಿಂದ ಕೆಳಗೆ ಇಳಿಸುವುದಿಲ್ಲ. ಮೊದಲ ವ್ಯಾಪಾರದ ಬೋಣಿಗೆಯ ಮಾತು, ತೂಕದ ಮೇಲೆ ಹಾಕಿಸಿಕೊಳ್ಳುವ ಕೊಸರು, ಕೊನೆಗೆ ಸೇರುವ ಕರಿಬೇವಿನ ಕಡ್ಡಿ ಇವೂ ಇದೇ ಬಗೆಯವು. "ಯಕ್ಕಾ, ಬೋಣಿಗಿ ಟೈಮು, ಹಂಗ ಹೋಗಬ್ಯಾಡ" ಎಂಬ ಕರೆಗೆ ತಡೆದು ನಿಂತವಳಿಗೆ ಎರಡು ಮೆಣಸಿನಕಾಯಿ ಹೆಚ್ಚು ಸಿಗಬಹುದು. ವಾರದ ಲೆಕ್ಕದಲ್ಲಿ ಅದು ಕಾಣುವುದಿಲ್ಲ.

ಗುಡ್ಡೆಯ ಕತೆ ಬೇರೆ, ಅದನ್ನು ನಿಧಾನವಾಗಿ ನೋಡಬೇಕು. ಗುಡ್ಡೆಗೆ ಬೆಲೆಯಿದೆ, ಹೇಳುವ ತೂಕವಿಲ್ಲ. ಬೆಲೆ ಹತ್ತು, ಇಪ್ಪತ್ತು, ಮೂವತ್ತು ಹೀಗೆ ಒಂದೆರಡು ನೋಟಿಗೆ ಹೊಂದುವ ದುಂಡು ಸಂಖ್ಯೆಯಾಗಿರುತ್ತದೆ. ಈಗ ಫೋನಿನಲ್ಲಿ ಎಷ್ಟು ಪೈಸೆಯನ್ನಾದರೂ ಕೊಡಬಹುದಾದರೂ ಆ ದುಂಡು ಸಂಖ್ಯೆ ಹೋಗಿಲ್ಲ. ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ವ್ಯಾಪಾರಿ ಕೂಗುವುದು ಒಂದೇ ಮಾತು: ಗುಡ್ಡೆ ಇಪ್ಪತ್ತು. ದೂರದಿಂದ ಕೇಳಿದವರಿಗೆ ದರ ಕದಲಿಲ್ಲವೆಂದೇ ಅನ್ನಿಸುತ್ತದೆ. ಕದಲುವುದು ಗುಡ್ಡೆಯ ಗಾತ್ರ. ಹೊತ್ತು ಇಳಿದಂತೆ ವ್ಯಾಪಾರಿಯ ಕೈ ರಾಶಿಯಿಂದ ಎರಡು ಹಣ್ಣು ತೆಗೆದು ಒಂದು ಗುಡ್ಡೆಯ ಮೇಲಿಡುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೆರಡು. ಸಂತೆಯಲ್ಲಿ ದರ ಇಳಿಯುವುದು ಈ ಮೌನದ ಕೈಕೆಲಸದಲ್ಲಿ.

ಬೆಲೆಯನ್ನೇ ಇಳಿಸದೆ ಗುಡ್ಡೆಯನ್ನು ಬೆಳೆಸುವುದಕ್ಕೆ ಕಾರಣಗಳಿವೆ. ಹದಿನೈದು ಎಂದು ಕೂಗಿದರೆ ಇಪ್ಪತ್ತು ಕೊಟ್ಟು ಹೋದವಳು ಮುಂದಿನ ವಾರ ತಕರಾರು ತೆಗೆಯುತ್ತಾಳೆ, ಪಕ್ಕದ ತಾಟಿನವನು ಹನ್ನೆರಡು ಕೂಗುತ್ತಾನೆ, ಇಡೀ ಸಾಲು ಕುಸಿಯುತ್ತದೆ. ಗುಡ್ಡೆಗೆ ಎರಡು ಹಣ್ಣು ಸೇರಿಸಿದರೆ ಆ ಗುಡ್ಡೆಯ ಮುಂದೆ ಕೂತವಳಿಗೆ ಮಾತ್ರ ಅದು ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಚಿಲ್ಲರೆಯ ಜಗಳವಿಲ್ಲ. ಇಪ್ಪತ್ತರ ಒಂದು ನೋಟು ಹಿಡಿದು ಬಂದವಳಿಗೆ ಐದು ರೂಪಾಯಿ ತಿರುಗಿ ಸಿಕ್ಕುವುದಕ್ಕಿಂತ ಪಾವು ಕಿಲೋ ಹೆಚ್ಚು ಸಿಕ್ಕುವುದು ವ್ಯಾಪಾರಿಗೂ ಅನುಕೂಲ.

ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳಬಹುದು. ಮಧ್ಯಾಹ್ನ ಎರಡು ಗಂಟೆಗೆ ಇಪ್ಪತ್ತು ರೂಪಾಯಿಯ ಟೊಮೆಟೊ ಗುಡ್ಡೆ ಅರ್ಧ ಕಿಲೋ ತೂಗಿದರೆ ಕಿಲೋಗೆ 40 ರೂಪಾಯಿ ಬಿತ್ತು. ಐದು ಗಂಟೆಗೆ ಅದೇ ಬೆಲೆಯ ಗುಡ್ಡೆ ಮುಕ್ಕಾಲು ಕಿಲೋ ಆದರೆ 26 ರೂಪಾಯಿ 67 ಪೈಸೆ. ಕತ್ತಲಾದ ಮೇಲೆ ಒಂದು ಕಿಲೋ ಆದರೆ 20. ಯಾವ ಚೌಕಾಶಿಯೂ ದರವನ್ನು ಹೀಗೆ ಅರ್ಧಕ್ಕೆ ಇಳಿಸಲಾರದು. ಆದರೆ ಕತ್ತಲೆಯ ಗುಡ್ಡೆಯಲ್ಲಿ ಕಾಲು ಭಾಗ ಮೆತ್ತಗಾಗಿ ಎಸೆಯಬೇಕಾಗಿ ಬಂದರೆ ಉಳಿಯುವುದು ಮುಕ್ಕಾಲು ಕಿಲೋ. ಆಗ ದರ ಮತ್ತೆ 26 ರೂಪಾಯಿ 67 ಪೈಸೆಗೇ ಬಂದು ನಿಲ್ಲುತ್ತದೆ, ಐದು ಗಂಟೆಯ ಆಚೆಗೆ ಕಾದದ್ದಕ್ಕೆ ಏನೂ ದಕ್ಕಲಿಲ್ಲ. ಅರ್ಧದಷ್ಟು ಹಾಳಾದರೆ ಮಧ್ಯಾಹ್ನವೇ ಕೊಂಡಿದ್ದಕ್ಕೆ ಸಮ. ಸಂತೆಯಲ್ಲಿ ಕಂಡ ಉಳಿತಾಯ ಅಡುಗೆಮನೆಯಲ್ಲಿ ಖಾತ್ರಿಯಾಗುವವರೆಗೆ ಉಳಿತಾಯವಲ್ಲ.

ಎಲ್ಲ ಗುಡ್ಡೆಗಳೂ ಬೆಳೆಯುವುದಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ ನಾಳೆಗೂ ಮಾರುವ ಮಾಲು, ಇವುಗಳ ಗುಡ್ಡೆ ಸಂಜೆಗೆ ಹೆಚ್ಚು ದಪ್ಪವಾಗದು. ಟೊಮೆಟೊ, ಬದನೆ, ಹೀರೆ, ಬೆಂಡೆ, ಸೊಪ್ಪು ಬಾಡುವ ಮಾಲು. ಇಲ್ಲಿ ಗಿರಾಕಿ ಗಮನಿಸಬೇಕಾದ ಇನ್ನೊಂದು ವ್ಯತ್ಯಾಸ ಮಾರುವವರದು. ಸಂತೆಯಿಂದ ಸಂತೆಗೆ ತಿರುಗುವ ವ್ಯಾಪಾರಿ ಉಳಿದದ್ದನ್ನು ಟ್ರೇಗೆ ತುಂಬಿಕೊಂಡು ಮಾರನೆಯ ದಿನ ಬೇರೊಂದು ಊರಿನ ಸಂತೆಗೆ ಹೋಗುತ್ತಾನೆ. ತನ್ನ ಹೊಲದ ಒಂದು ಬುಟ್ಟಿ ಬದನೆ, ಹತ್ತು ಕಟ್ಟು ಪುಂಡಿಪಲ್ಲೆ ತಂದ ರೈತಹೆಣ್ಣುಮಗಳಿಗೆ ನಾಳೆ ಸಂತೆಯಿಲ್ಲ, ಅವಳಿಗೆ ಬಸ್ಸು ಹೊರಡುವುದರೊಳಗೆ ಬುಟ್ಟಿ ಖಾಲಿಯಾಗಬೇಕು. ಸಂಜೆಯ ಇಳಿಕೆ ಹೆಚ್ಚಾಗಿ ಅವಳ ಗುಡ್ಡೆಯಿಂದಲೇ ಬರುತ್ತದೆ. ಇದನ್ನು ಹೇಳದೆ ಸಂಜೆಯ ಸಂತೆಯನ್ನು ಹೊಗಳುವುದು ಸರಿಯಲ್ಲ: ಒಂದು ಬಡ ಮನೆಯ ಉಳಿತಾಯ ಇನ್ನೊಂದು ಬಡ ಮನೆಯ ನಷ್ಟವೂ ಆಗಿರುತ್ತದೆ. ಹಾಗಿದ್ದೂ ಆಕೆ ಕಾಯಿಪಲ್ಲೆಯನ್ನು ಎಸೆದು ಹೋಗುವುದಕ್ಕಿಂತ ಕಡಿಮೆಗಾದರೂ ಮಾರಿ ಹೋಗುವುದನ್ನೇ ಬಯಸುತ್ತಾಳೆ. "ಯವ್ವಾ, ಎಲ್ಲಾ ಬಳಕೊಂಡು ಹೋಗು, ಮೂವತ್ತು ಕೊಡು" ಎಂಬ ಕೊನೆಯ ಮಾತು ಬರುವುದು ಈ ತಾಟುಗಳಲ್ಲೇ.

ಗುಡ್ಡೆಯನ್ನು ಓದುವುದಕ್ಕೂ ಕಣ್ಣು ಬೇಕು. ಮೇಲಿನ ಸಾಲು ಗಟ್ಟಿ, ಅಡಿಯ ಸಾಲು ಮೆತ್ತಗೆ ಇರುವುದು ಹಳೆಯ ಜಾಣತನ. ಬಲ್ಲವರು ಗುಡ್ಡೆಯನ್ನು ವ್ಯಾಪಾರಿಯ ಕೈಯಿಂದ ಚೀಲಕ್ಕೆ ಸುರಿಸಿಕೊಳ್ಳದೆ ತಾವೇ ಒಂದೊಂದಾಗಿ ಹಾಕಿಕೊಳ್ಳುತ್ತಾರೆ. ಕೊಳ್ಳುವ ಮೊದಲು ಸಾಲನ್ನು ಪೂರ್ತಿ ಒಂದು ಸುತ್ತು ತಿರುಗುವುದು ಎರಡನೆಯ ಕ್ರಮ. ಬದನೆಯನ್ನು ಕೈಯಲ್ಲಿ ಎತ್ತಿ ಕೈತೂಕ ನೋಡುವುದು ಮೂರನೆಯದು.

ಕಾನೂನಿನ ಕಣ್ಣಿಗೆ ಗುಡ್ಡೆ ಅಳತೆಯೇ ಅಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಬೆಲೆಯನ್ನು ಕಿಲೋ, ಲೀಟರ್, ಎಣಿಕೆ ಮೊದಲಾದ ಪ್ರಮಾಣಿತ ಅಳತೆಗಳಲ್ಲೇ ಹೇಳಬೇಕೆನ್ನುತ್ತದೆ. ಈ ಆಧಾರದ ಮೇಲೆ ಗುಡ್ಡೆಯನ್ನು ಹಿಂದುಳಿದ ಪದ್ಧತಿಯೆನ್ನುವವರಿದ್ದಾರೆ. ತಕ್ಕಡಿ ಸರಿಯಿದ್ದ ಕಡೆ ಅವರ ಮಾತು ಸರಿ. ತಕ್ಕಡಿಯನ್ನು ನಂಬಲಾಗದ ಕಡೆ ಗುಡ್ಡೆ ಗಿರಾಕಿಯನ್ನೇ ಕಾಯುತ್ತದೆ. ತಕ್ಕಡಿಯ ಮೋಸ ತಟ್ಟೆಯ ಅಡಿಯಲ್ಲಿರುತ್ತದೆ, ಗುಡ್ಡೆಯಲ್ಲಿರುವುದೆಲ್ಲ ತಾಟಿನ ಮೇಲೆ ಕಾಣುತ್ತದೆ, ಪಕ್ಕದ ಹತ್ತು ಗುಡ್ಡೆಗಳ ಜತೆ ಹೋಲಿಸಿ ನೋಡಲು ಸಿಗುತ್ತದೆ.

ಇಲ್ಲಿ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್‌ರ ಜತೆ ಒಂದು ಜಗಳ ತೆಗೆಯಲೇಬೇಕು. ಮೊರಾಕ್ಕೋದ ಸೆಫ್ರು ಪಟ್ಟಣದ ಪೇಟೆಯನ್ನು ಅಧ್ಯಯನ ಮಾಡಿದ ಅವರು 1978ರ ಪ್ರಬಂಧದಲ್ಲಿ, ಪೇಟೆಯಲ್ಲಿ ಖಚಿತ ಮಾಹಿತಿಯೇ ಅಪರೂಪದ ಸರಕು, ಆದ್ದರಿಂದ ಖಾಯಂ ಗಿರಾಕಿತನ ಮತ್ತು ಚೌಕಾಶಿ ಎರಡೂ ಮಾಹಿತಿ ಹುಡುಕುವ ದಾರಿಗಳು ಎಂದು ವಾದಿಸಿದರು. ಆ ಪ್ರಬಂಧಕ್ಕೆ ಸಿಕ್ಕ ಮನ್ನಣೆ ದೊಡ್ಡದು; ಹಳ್ಳಿಯ ಮಾರುಕಟ್ಟೆಯೆಂದರೆ ಚೌಕಾಶಿಯೇ ಎಂಬ ಎಣಿಕೆಗೆ ಅದು ಪಾಂಡಿತ್ಯದ ಬೆಂಬಲವಾಯಿತು. ಆದರೆ ಕೊಟ್ಟೂರಿನ ಅಥವಾ ಹರಪನಹಳ್ಳಿಯ ಸಂತೆಯಲ್ಲಿ ಕಾಯಿಪಲ್ಲೆಯ ಮಾಹಿತಿ ಅಪರೂಪವಲ್ಲ. ಒಂದೇ ಬದನೆಯನ್ನು ಹತ್ತಾರು ಜನ ಒಂದೇ ಸಾಲಿನಲ್ಲಿ ನೆಲದ ಮೇಲೆ ಹರಡಿ ಕೂತಿರುತ್ತಾರೆ, ದರವನ್ನು ಗಂಟಲೆತ್ತಿ ಕೂಗುತ್ತಿರುತ್ತಾರೆ. ಒಂದು ಸುತ್ತು ತಿರುಗಿದವಳಿಗೆ ಬೇಕಾದ ಮಾಹಿತಿಯೆಲ್ಲ ಸಿಕ್ಕಿರುತ್ತದೆ. ಮಾಹಿತಿ ಕಷ್ಟವಾಗುವುದು ಖಾರದ ಪುಡಿ, ಬಿಡಿ ಎಣ್ಣೆ, ಬಣ್ಣ ಹಚ್ಚಿರಬಹುದಾದ ಬೇಳೆಯಂಥ ಪದಾರ್ಥಗಳಲ್ಲಿ. ಅಲ್ಲಿ ಗೀರ್ಟ್ಸ್ ಹೇಳಿದ ಖಾಯಂ ಗಿರಾಕಿತನ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಚೌಕಾಶಿ ಬರುವುದಿಲ್ಲ. ಕಲಬೆರಕೆ ಖಾರದ ದರ ಇಳಿಸಿಕೊಂಡವಳು ಕಲಬೆರಕೆಯನ್ನೇ ಅಗ್ಗಕ್ಕೆ ತಂದಿರುತ್ತಾಳೆ. ಪೇಟೆಯನ್ನೆಲ್ಲ ಒಂದೇ ಸೂತ್ರಕ್ಕೆ ಕಟ್ಟಿದ್ದು ಆ ಪ್ರಬಂಧದ ಶಕ್ತಿ, ತಾಟಿನ ಮುಂದೆ ಕೂತವಳ ಮಟ್ಟಿಗೆ ಅದರ ದೋಷವೂ ಅದೇ.

ಕನ್ನಡದಲ್ಲಿ ಸಂತೆಯನ್ನು ಬರೆದವರ ದೋಷ ಇನ್ನೊಂದು ಬಗೆಯದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಪಟ್ಟಣದ ಬೇರೆ ಬೇರೆ ಭಾಗಗಳಲ್ಲಿ ದಿನಕ್ಕೊಂದು ಕಡೆ ಸಂತೆ ಸೇರುತ್ತಿದ್ದುದನ್ನು ಬರೆದಿದ್ದಾನೆ. ಅಂಥ ಪರಂಪರೆಯ ಹೆಮ್ಮೆಯಲ್ಲಿ ಸಂತೆ ಸಂಬಂಧಗಳ ತಾಣ, ಸುಖದುಃಖ ಹಂಚಿಕೊಳ್ಳುವ ಜಾಗ, ಜನಪದರ ಹಬ್ಬ ಎಂಬ ವರ್ಣನೆ ಪದೇ ಪದೇ ಬರುತ್ತದೆ. ವರ್ಣನೆ ಸುಳ್ಳಲ್ಲ, ಆದರೆ ಅಲ್ಲಿಗೆ ಬಂದವಳು ಮೊದಲು ಖರೀದಿಗೆ ಬಂದವಳು. ಅವಳ ಸೆರಗಿನ ಗಂಟಿನಲ್ಲಿ ಎಷ್ಟಿತ್ತು, ಮರಳುವಾಗ ಎಷ್ಟು ಉಳಿಯಿತು ಎಂದು ಕೇಳದ ಸಾಂಸ್ಕೃತಿಕ ಬರಹ ಅವಳ ಅರ್ಧದಷ್ಟು ಬುದ್ಧಿಯನ್ನು ಕಾಣದೆ ಬಿಟ್ಟಿದೆ.

ಗೃಹವಿಜ್ಞಾನದ ಸಲಹೆಯ ಜತೆಗಿನ ವಾದ ಇವೆಲ್ಲಕ್ಕಿಂತ ಮುಖ್ಯವಾದದ್ದು. ತಿಂಗಳಿಗೊಮ್ಮೆ ಪಟ್ಟಿ ಮಾಡಿ, ದೊಡ್ಡ ಪ್ರಮಾಣದಲ್ಲಿ ಕೊಳ್ಳಬೇಕು ಎಂಬುದು ಆ ಸಲಹೆ. ಅದರ ಹಿಂದೆ ಸತ್ಯವಿದೆ. ಅರ್ಥಶಾಸ್ತ್ರಜ್ಞ ವಿಜಯೇಂದ್ರ ರಾವ್ ದಕ್ಷಿಣ ಭಾರತದ ಹಳ್ಳಿಗಳನ್ನು ಆಧರಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ, ಅದೇ ಪದಾರ್ಥಕ್ಕೆ ಬಡವರು ಹೆಚ್ಚು ದರ ಕೊಡುತ್ತಾರೆಂದು ತೋರಿಸಿತು. ಸ್ವಲ್ಪ ಸ್ವಲ್ಪವಾಗಿ ಕೊಳ್ಳುವವರಿಗೆ ಸಗಟಿನ ರಿಯಾಯಿತಿ ಸಿಗುವುದಿಲ್ಲ. ಈ ತೀರ್ಮಾನವನ್ನು ಒಪ್ಪದೆ ದಾರಿಯಿಲ್ಲ. ಆದರೆ ಹಾಗಾದರೆ ಸಗಟಿನಲ್ಲಿ ಕೊಳ್ಳಿರಿ ಎಂದು ಕೂಲಿಯ ಮನೆಗೆ ಹೇಳುವುದು ಸಲಹೆಯಾಗುವುದಿಲ್ಲ. ತಿಂಗಳ ಪಟ್ಟಿಗೆ ತಿಂಗಳ ರೊಕ್ಕ ಒಮ್ಮೆಗೇ ಬೇಕು. ಕೂಲಿಯ ಬಟವಾಡೆ ವಾರಕ್ಕೊಮ್ಮೆ ಆಗುವ ಕಡೆ ಮನೆಯ ದುಡ್ಡಿನ ಆಯಸ್ಸೇ ಏಳು ದಿನ. ಸಂಜೆಯ ಗುಡ್ಡೆಯ ನಿಜವಾದ ಬೆಲೆ ಇಲ್ಲಿ ತಿಳಿಯುತ್ತದೆ: ಇಪ್ಪತ್ತು ರೂಪಾಯಿಯ ಗಿರಾಕಿಗೆ ಸಗಟಿನ ದರ ಸಿಗುವ ಅಪರೂಪದ ಜಾಗ ಅದು. ರಾವ್ ಅವರ ಅಧ್ಯಯನ ತೋರಿಸಿದ ಅನ್ಯಾಯಕ್ಕೆ ಸಂತೆ ತಾನಾಗಿ ಕಂಡುಕೊಂಡ ಸಣ್ಣ ಪರಿಹಾರವೆಂದೇ ಗುಡ್ಡೆಯನ್ನು ಓದಬೇಕು.

ತಿಂಗಳ ಪಟ್ಟಿಗಿಂತ ಸುಗ್ಗಿಯ ಪಟ್ಟಿ ಈ ಸೀಮೆಗೆ ಒಗ್ಗುವುದು. ತೊಗರಿ ಹೊಸದಾಗಿ ಬರುವುದು ಡಿಸೆಂಬರಿನಿಂದ, ಹುಣಸೆ ಮತ್ತು ಒಣಮೆಣಸಿನಕಾಯಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಶೇಂಗಾ ಮಳೆಗಾಲ ಮುಗಿಯುವ ಹೊತ್ತಿಗೆ. ಕೈಯಲ್ಲಿ ಸ್ವಲ್ಪ ರೊಕ್ಕ ಸೇರಿದಾಗ ವರ್ಷಕ್ಕಾಗುವಷ್ಟು ಹುಣಸೆಹಣ್ಣನ್ನು ಬೀಜ ಬಿಡಿಸಿ ಉಪ್ಪು ಹಾಕಿ ಗಡಿಗೆಗೆ ತುಂಬಿಡುವುದು ಹುಣಸೆಮರಗಳಿಗೆ ಹೆಸರಾದ ಕೂಡ್ಲಿಗಿ ಕಡೆ ಹೊಸ ವಿದ್ಯೆಯಲ್ಲ. 2023ರ ಜುಲೈ, ಆಗಸ್ಟ್‌ನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಆ ಗಡಿಗೆಯಿದ್ದ ಮನೆಗೆ ಸಾರಿನ ಹುಳಿಗೆ ತೊಂದರೆಯಾಗಲಿಲ್ಲ. ಕೆಲವೇ ವಾರಗಳಲ್ಲಿ ಟೊಮೆಟೊ ದರ ಕುಸಿಯಿತು. ಏರಿದ ಕಾಯಿಯನ್ನು ಬಿಟ್ಟು ಇಳಿದದ್ದನ್ನು ಹಿಡಿಯುವ ಈ ಗುಣ ಇಲ್ಲದಿದ್ದರೆ ಎಂಥ ಗುಡ್ಡೆಯೂ ಉಳಿತಾಯ ತಾರದು.

ಗುಡ್ಡೆಯ ವಿರುದ್ಧ ರೂಪ ಹಳ್ಳಿಯ ಅಂಗಡಿಯಲ್ಲಿ ನೇತಾಡುವ ಐದು, ಹತ್ತು ರೂಪಾಯಿಯ ಪೊಟ್ಟಣ. ಎರಡರಲ್ಲೂ ಬೆಲೆ ಸ್ಥಿರ, ಪ್ರಮಾಣ ಚಂಚಲ. ಗುಡ್ಡೆ ಗಿರಾಕಿಯ ಕಣ್ಣೆದುರು ಬೆಳೆಯುತ್ತದೆ, ಪೊಟ್ಟಣ ಗಿರಾಕಿಗೆ ತಿಳಿಯದಂತೆ ಕರಗುತ್ತದೆ. ಖರ್ಚು ಹೆಚ್ಚಾದಾಗ ಕಂಪನಿಗಳು ಐದು ರೂಪಾಯಿಯ ಬೆಲೆಯನ್ನು ಮುಟ್ಟದೆ ಒಳಗಿನ ಗ್ರಾಂ ಇಳಿಸುತ್ತವೆ. ಪೊಟ್ಟಣ ನಿಯಮಗಳಿಗೆ ತಂದ 2021ರ ತಿದ್ದುಪಡಿ ಪೊಟ್ಟಣದ ಮೇಲೆ ಗ್ರಾಂ ಅಥವಾ ಕಿಲೋ ಲೆಕ್ಕದ ಬಿಡಿದರವನ್ನು ಛಾಪಿಸಬೇಕೆಂದಿತು, ಒಳ್ಳೆಯ ನಿಯಮ. ಆದರೆ 2011ರ ಪೊಟ್ಟಣ ನಿಯಮಗಳು ಹತ್ತು ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದವಕ್ಕೆ ವಿನಾಯಿತಿ ಕೊಟ್ಟಿದ್ದವು. ಮಸಾಲೆ, ಚಹಾಪುಡಿಯ ಅತಿ ಸಣ್ಣ ಪೊಟ್ಟಣಗಳು ಬಡವರು ಹೆಚ್ಚಾಗಿ ಕೊಳ್ಳುವಂಥವು.

2022–23ರ ಕುಟುಂಬ ವೆಚ್ಚ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಮನೆಗಳ ಒಟ್ಟು ಖರ್ಚಿನಲ್ಲಿ ಆಹಾರದ ಪಾಲು ಶೇ. 46.38. ಅದರಲ್ಲಿ ಧಾನ್ಯಕ್ಕೆ ಹೋಗುವುದು ಒಟ್ಟು ಖರ್ಚಿನ ಶೇ. 4.91 ಮಾತ್ರ, ಪಾನೀಯ, ಹೊರಗಿನ ತಿಂಡಿ, ಸಂಸ್ಕರಿತ ತಿನಿಸುಗಳಿಗೆ ಹೋಗುವುದು ಶೇ. 9.62, ಅಂದರೆ ಧಾನ್ಯದ ಸುಮಾರು ಎರಡರಷ್ಟು. ಇದು ದೇಶದ ಲೆಕ್ಕವಾದರೂ 2013ರ ಜುಲೈನಲ್ಲಿ ಶುರುವಾದ ಅನ್ನಭಾಗ್ಯದ ಅಕ್ಕಿ ಬರುವ ಈ ಸೀಮೆಯ ಮನೆಗಳಿಗೆ ಅದರ ಸೂಚನೆ ಸ್ಪಷ್ಟ. ಅಕ್ಕಿಯಲ್ಲಿ ಇನ್ನು ಉಳಿಸಲು ಹೆಚ್ಚು ಉಳಿದಿಲ್ಲ, ರೊಕ್ಕ ಸೋರುತ್ತಿರುವುದು ಒಂದು ಸಂತೆಗೂ ಇನ್ನೊಂದು ಸಂತೆಗೂ ನಡುವಿನ ಆರು ದಿನಗಳ ಪೊಟ್ಟಣಗಳಲ್ಲಿ. ಸಂತೆಯಲ್ಲಿ ನಗದು ವ್ಯವಹಾರ, ಚೀಲ ತುಂಬಿದರೆ ಮುಗಿಯಿತು. ಅಂಗಡಿಯಲ್ಲಿ ಉದ್ರಿ ಪುಸ್ತಕವಿದೆ. ಉದ್ರಿಯಲ್ಲಿ ತಂದವರು ದರ ಕೇಳುವುದಿಲ್ಲ, ಕೇಳಿದರೂ ಬೇರೆ ಅಂಗಡಿಗೆ ಹೋಗುವಂತಿಲ್ಲ. ಕಷ್ಟದ ವಾರದಲ್ಲಿ ಮನೆಯನ್ನು ಕಾಯುವ ಉದ್ರಿಯ ಉಪಕಾರ ದೊಡ್ಡದು. ಅದರ ಬೆಲೆಯೂ ಪ್ರತಿ ಪದಾರ್ಥದ ದರದಲ್ಲಿ ಸೇರಿರುತ್ತದೆ.

ಸಂತೆಗೆ ಹೋಗಿಬರುವ ಖರ್ಚು ಹಿಂದೆ ಉಳಿತಾಯವನ್ನೇ ನುಂಗುತ್ತಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಈ ಲೆಕ್ಕ ಬದಲಾಗಿದೆ. ಹತ್ತಿರದ ಸಣ್ಣ ಸಂತೆ ಬಿಟ್ಟು ತಾಲ್ಲೂಕು ಕೇಂದ್ರದ ದೊಡ್ಡ ಸಂತೆಗೆ ಹೋಗುವುದು ಹೆಣ್ಣುಮಕ್ಕಳ ಕೈಗೆಟುಕಿದೆ. ಸಂಜೆಯವರೆಗೆ ಕಾಯುವುದು ಮಾತ್ರ ಕೊನೆಯ ಬಸ್ಸಿನ ವೇಳೆಗೆ ಕಟ್ಟುಬಿದ್ದಿದೆ. ಬಸ್ಸು ಬೇಗ ನಿಲ್ಲುವ ಊರಿನವರಿಗೆ ಕತ್ತಲೆಯ ಗುಡ್ಡೆ ಸಿಗುವುದಿಲ್ಲ.

ಸಂತೆಯ ದೋಷಗಳನ್ನೂ ಹೇಳಬೇಕು. ನೆರಳಿಲ್ಲದ ಸಂತೆಮೈದಾನ, ಧೂಳು, ಮಳೆಗಾಲದ ರಾಡಿ, ಹೆಣ್ಣುಮಕ್ಕಳಿಗೆ ಶೌಚಾಲಯದ ಕೊರತೆ ಇವನ್ನು ಸ್ಥಳೀಯ ಆಡಳಿತ ಸರಿಪಡಿಸಬೇಕು, ಸಂತೆಯ ಸುಂಕ ಎತ್ತುವುದು ಅದಕ್ಕಾಗಿಯೇ. ಅರ್ಧ ದಿನದ ಕೂಲಿ ಬಿಟ್ಟು ಬಂದವಳಿಗೆ ಆ ಕೂಲಿಯೂ ಖರ್ಚಿನ ಬಾಬತ್ತು.

ಉಳಿತಾಯವನ್ನು ಬರೀ ರೂಪಾಯಿಯಲ್ಲಿ ಅಳೆಯುವುದೂ ತಪ್ಪು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ ಎರಡು ಸಾವಿರ ಕ್ಯಾಲೊರಿ ಉಣ್ಣುವವರ ತಟ್ಟೆಯಲ್ಲಿ 400 ಗ್ರಾಂ ತರಕಾರಿ ಇರಬೇಕೆಂದಿದೆ. ಐದು ಜನರ ಮನೆಗೆ ವಾರಕ್ಕೆ ಅದು 14 ಕಿಲೋ. ಸಂತೆಯಿಂದ ಮರಳುವ ಎಷ್ಟು ಚೀಲಗಳಲ್ಲಿ 14 ಕಿಲೋ ಇರುತ್ತದೆಂದು ನೋಡಿದರೆ, ಕಡಿಮೆ ಕೊಂಡು ರೊಕ್ಕ ಉಳಿಸಿದ ಮನೆ ಊಟವನ್ನೇ ಉಳಿಸಿದೆ ಎಂದು ತಿಳಿಯುತ್ತದೆ. ಅದೇ ನೋಟಿಗೆ ಹೆಚ್ಚು ತೂಕ ಕೊಡುವ ಗುಡ್ಡೆ ಈ ಕಾರಣಕ್ಕೂ ಚೌಕಾಶಿಗಿಂತ ಮೇಲು. ಚೌಕಾಶಿ ನೋಟನ್ನು ಮನೆಗೆ ತರುತ್ತದೆ, ಗುಡ್ಡೆ ಬದನೆಯನ್ನು ತರುತ್ತದೆ.

ತಂದ ಬದನೆ ಹಾಳಾಗದಂತೆ ನೋಡುವುದು ಕೊನೆಯ ಹಂತ. ಫ್ರಿಜ್ ಇಲ್ಲದ ಮನೆಯಲ್ಲಿ ಮೊದಲೆರಡು ದಿನ ಸೊಪ್ಪು ಮತ್ತು ಪುಂಡಿ, ಆಮೇಲೆ ಟೊಮೆಟೊ ಮತ್ತು ಹೀರೆ, ವಾರದ ನಡುವೆ ಬದನೆ, ಕೊನೆಗೆ ಮೊಳಕೆ ಕಟ್ಟಿದ ಹೆಸರು, ಮಡಿಕೆ, ಹುರುಳಿ ಎಂಬ ಸರದಿ ಇರುತ್ತದೆ. ಮೆತ್ತಗಾದ ಟೊಮೆಟೊ ಸಂತೆಯ ರಾತ್ರಿಯೇ ಹಸಿಮೆಣಸಿನಕಾಯಿಯ ಜತೆ ಚಟ್ನಿಯಾಗುತ್ತದೆ. ಹೆಚ್ಚಾದ ಮೆಣಸಿನಕಾಯಿ ಮಜ್ಜಿಗೆಯಲ್ಲಿ ನೆನೆದು ಮಾಳಿಗೆಯ ಮೇಲೆ ಬಾಳಕವಾಗುತ್ತದೆ. ಮಾರ್ಚ್ ದಾಟಿ ಬಿಸಿಲು ಏರಿದಾಗ ಬಾಡುವ ಕಾಯಿಪಲ್ಲೆ ಕಡಿಮೆ ಬರುತ್ತದೆ, ಗುಡ್ಡೆಗಳು ಮಧ್ಯಾಹ್ನವೇ ಮುಗಿಯುತ್ತವೆ, ಸಂಜೆಗೆ ಕಾಯುವುದರಿಂದ ಏನೂ ಸಿಗುವುದಿಲ್ಲ. ಆ ಎರಡು ಮೂರು ತಿಂಗಳು ರೊಟ್ಟಿಯ ಪಕ್ಕಕ್ಕೆ ಬಾಳಕ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿಪುಡಿ ಬರುತ್ತವೆ, ಸಾರಿಗೆ ಗಡಿಗೆಯ ಹುಣಸೆ ಇಳಿಯುತ್ತದೆ.